ಒಂದು ಎಲೆ ಜಾಸ್ತಿ

ಸತ್ತವರು ಬಂದು ಉಣ್ಣುತ್ತಾರೆ ಎಂಬುದನ್ನು ನಾನು ಯಾವತ್ತೂ ನಂಬಿದವಳಲ್ಲ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಕುಶಾಲನಗರದ ವಕೀಲರೊಬ್ಬರ ಕಚೇರಿಯಲ್ಲಿ ಹದಿನಾರು ವರ್ಷದಿಂದ ಟೈಪಿಂಗ್ ಮಾಡುತ್ತಿದ್ದೇನೆ. ಒಂದೇ ಜಗಳವನ್ನು ಕಂಡ ಮೂವರು ಅದನ್ನು ಮೂರು ಬಗೆಯಲ್ಲಿ ಹೇಳುತ್ತಾರೆ, ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ಇದನ್ನು ದಿನವೂ ಕಂಡು ನನ್ನ ನೆನಪನ್ನೂ ಅಷ್ಟಕ್ಕಷ್ಟೇ ನಂಬುವುದು ರೂಢಿಯಾಗಿದೆ. ಎಲ್ಲಿ ನನಗೇ ಖಾತ್ರಿಯಿಲ್ಲವೋ ಅಲ್ಲಿ ಹೇಳಿಬಿಡುತ್ತೇನೆ.

ನಮ್ಮದು ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಒಕ್ಕಲು ಮನೆತನ. ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುತ್ತೇವೆ. ತೀರಿಕೊಂಡವರಿಗೆ ತಲೆಗೊಂದು ಬಾಳೆ ಎಲೆ, ಅವರಿಗೆ ಇಷ್ಟವಾದ ಅಡುಗೆ, ಒಂದು ಜೊತೆ ಹೊಸ ಬಟ್ಟೆ. ದೀಪ ಹಚ್ಚಿ, ಸಾಂಬ್ರಾಣಿ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತೇವೆ. ಅವರು ಉಂಡು ಹೋಗುವಷ್ಟು ಹೊತ್ತು ಕಾದು, ಕೆಮ್ಮಿ ಸದ್ದು ಮಾಡಿ, ಮತ್ತೆ ಒಳಗೆ ಹೋಗುತ್ತೇವೆ.

ನನ್ನ ಅಣ್ಣ ಪ್ರಕಾಶ ಒಂದು ಬೆಳಿಗ್ಗೆ ಕಣ್ಣೂರಿಗೆ ಹೋಗಿ ಬರುತ್ತೇನೆಂದು ಬೈಕಿನಲ್ಲಿ ಹೊರಟ. ಕೇರಳದ ಗಡಿಯಲ್ಲಿ, ಮಾಕುಟ್ಟದ ಚೆಕ್‌ಪೋಸ್ಟ್ ಹತ್ತಿರ ಅವನು ಚಹಾ ಕುಡಿಯುತ್ತಿದ್ದದ್ದನ್ನು ಕಂಡವರಿದ್ದರು. ಆಮೇಲೆ ಅವನನ್ನು ಯಾರೂ ಕಂಡಿಲ್ಲ. ಬೈಕ್ ಸಿಗಲಿಲ್ಲ, ಫೋನ್ ಸಿಗಲಿಲ್ಲ. ಎರಡು ವರ್ಷ ಕಾದು ಅಪ್ಪ ತೀರಿಕೊಂಡರು. ಅದರ ಮರುವರ್ಷ ಹೊಳೆ ನೀರು ನುಗ್ಗಿ ನಮ್ಮ ಹಳೆಯ ಮನೆಯ ಗೋಡೆ ಕುಸಿಯಿತು. ಅಮ್ಮ ನನ್ನ ಜೊತೆಗೆ, ನನ್ನ ಗಂಡನ ಮನೆಗೆ ಬಂದಳು.

ಏಳು ವರ್ಷ ಸುಳಿವಿಲ್ಲದವನನ್ನು ಕಾನೂನು ಸತ್ತವನೆಂದು ಎಣಿಸಬಹುದು. ಇದು ನನಗೆ ಕಚೇರಿಯ ದೆಸೆಯಿಂದ ಗೊತ್ತು. ಎಂಟನೆಯ ವರ್ಷ ನಾನೇ ಅರ್ಜಿ ಟೈಪ್ ಮಾಡಿ ಅಮ್ಮನ ಮುಂದಿಟ್ಟೆ. ಅಣ್ಣನ ವಿಷಯ ಇತ್ಯರ್ಥವಾಗದೆ ಕುಸಿದ ಮನೆಯ ಜಾಗ ಅಮ್ಮನ ಹೆಸರಿಗೆ ಬರುವಂತಿರಲಿಲ್ಲ ಎಂಬುದು ಒಂದು ಕಾರಣ. ಆದರೆ ಅದೇ ಕಾರಣವೆಂದು ಬರೆದರೆ ತಪ್ಪಾಗುತ್ತದೆ. ನನಗೆ ಸಾಕಾಗಿತ್ತು. ಬಾಗಿಲು ಬಡಿದಾಗಲೆಲ್ಲ ಅಮ್ಮ ಕತ್ತೆತ್ತುವುದನ್ನು ಎಂಟು ವರ್ಷ ನೋಡಿ ಸಾಕಾಗಿತ್ತು. ಬಹಳ ದಿನ ಬಿಟ್ಟು ಅಮ್ಮ, "ಎಡೆ ಇಟ್ಟು ಆಮೇಲೆ ಸಹಿ ಹಾಕ್ತೀನಿ. ಎಡೆನೂ ಇಡದೆ ಅವನು ಸತ್ತ ಅಂತ ಹೆಂಗೆ ಬರ್ಕೊಡ್ಲಿ?" ಎಂದಳು.

ಎಡೆ ಇಡುವುದೆಲ್ಲಿ? ಮನೆ ಕುಸಿದ ಮೇಲೆ ಅಪ್ಪನಿಗೂ ಎಡೆ ಇಟ್ಟಿರಲಿಲ್ಲ. ಒಂದೇ ಮನೆಯಲ್ಲಿ ಎರಡು ಮನೆತನದ ಹಿರಿಯರನ್ನು ಕರೆಯಬಾರದೆಂದು ನಮ್ಮತ್ತೆ ಹಟ ಹಿಡಿದರು. ಆ ದಿನ ಅವರ ಮನೆಯವರಿಗೂ ಎಡೆ ಇಡಬೇಕಲ್ಲ. ಕೊನೆಗೆ ನನ್ನ ಚಿಕ್ಕಮ್ಮನ ಮಗ ಯೋಗೇಶ, ಜಲಾಶಯದ ಹಿನ್ನೀರಿನ ದಡದ ಒಂದು ರೆಸಾರ್ಟಿನಲ್ಲಿ ಮ್ಯಾನೇಜರ್ ಆಗಿದ್ದವನು, ತನ್ನಲ್ಲೊಂದು ಕಾಟೇಜ್ ಕೊಡುತ್ತೇನೆಂದ. ಹೀಗೆ ನಮ್ಮಪ್ಪನಿಗೆ ರೆಸಾರ್ಟಿನಲ್ಲಿ ಎಡೆ ಇಡುವ ಯೋಗ ಬಂತು.

ಬಟ್ಟೆ ಅಂಗಡಿಯಲ್ಲಿ ಅಣ್ಣನ ಶರ್ಟಿನ ಅಳತೆ ಕೇಳಿದರು. ಅಮ್ಮ ಯೋಚಿಸಿ, "ಒಂದು ಸೈಜ್ ದೊಡ್ಡದೇ ಕೊಡಿ. ಈಗ ದಪ್ಪ ಆಗಿರ್ತಾನೆ" ಎಂದಳು. ನಾನು ಬೇರೆ ಕಡೆ ನೋಡಿದೆ.

ದಸರಾ ರಜೆ ಶುರುವಾಗಿತ್ತು. ರೆಸಾರ್ಟಿನ ಗೇಟಿನ ಆಚೆಗೂ ಕಾರುಗಳ ಸಾಲು. ಬೋರ್ಡಿನಲ್ಲಿ ಬೀಚ್ ರೆಸಾರ್ಟ್ ಎಂದು ಬರೆದಿತ್ತು. ಕೊಡಗಿನಲ್ಲಿ ಬೀಚ್ ಎಲ್ಲಿಂದ ಬರಬೇಕು? ಲಾರಿಯಲ್ಲಿ ಮರಳು ತಂದು ದಡಕ್ಕೆ ಸುರಿದು, ಕೊಡೆ ನೆಟ್ಟು, ಒರಗುವ ಕುರ್ಚಿ ಹಾಕಿದ್ದರು. ಸ್ಪೀಕರಿನಲ್ಲಿ ಹಾಡು, ಕೃತಕ ಮಳೆಯಲ್ಲಿ ಕುಣಿಯುವವರು, ಬೋಟಿಗಾಗಿ ಜಗಳ. ಅದರ ನಡುವೆ ಅಮ್ಮ ಕೈಯಲ್ಲಿ ಬಾಳೆ ಎಲೆಯ ಸುರುಳಿ ಹಿಡಿದು ಮರಳಿನಲ್ಲಿ ಕಾಲೆಳೆದುಕೊಂಡು ನಡೆದಳು.

ಬೆಳಿಗ್ಗೆ ಎರಡು ಗಂಟೆಯಷ್ಟು ಹೊತ್ತು ಅಮ್ಮ ಸಿಬ್ಬಂದಿಯ ಅಡುಗೆಮನೆಯಲ್ಲಿದ್ದಳು. ಮುದ್ದೆ, ಮಟನ್ ಸಾರು, ಕೈಮ ಉಂಡೆ, ಅಣ್ಣನಿಗೆಂದು ಒತ್ತು ಶಾವಿಗೆ. ಸಹಾಯಕ್ಕೆ ಲೀಲಾ ಎಂಬ ಹೆಂಗಸಿದ್ದಳು. ಕಾಟೇಜ್ ಗುಡಿಸುವ, ಹಾಸಿಗೆ ಬದಲಿಸುವ ಕೆಲಸದವಳು, ನಲವತ್ತೈದರ ಆಸುಪಾಸು. ಆ ಎರಡು ಗಂಟೆ ಅವರಿಬ್ಬರೂ ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಮಧ್ಯಾಹ್ನ ಕಾಟೇಜಿನ ನೆಲದ ಮೇಲೆ ಎರಡು ಎಲೆ ಹಾಸಿ ಬಡಿಸಿದೆವು. ಬಲಕ್ಕೆ ಅಪ್ಪ, ಎಡಕ್ಕೆ ಅಣ್ಣ. ಸಾಂಬ್ರಾಣಿ ಹಚ್ಚುವಾಗ ಯೋಗೇಶ ಓಡಿ ಬಂದು, ಕುರ್ಚಿ ಹತ್ತಿ, ಚಾವಣಿಯ ಹೊಗೆ ಅಲಾರಂಗೆ ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸಿದ.

"ದೊಡ್ಡಮ್ಮ, ಸ್ವಲ್ಪ ಕಮ್ಮಿ ಹಾಕಿ. ಇದು ಹೊಡ್ಕೊಂಡ್ರೆ ಬಂದಿರೋ ಹಿರಿಯರೂ ಎದ್ದು ಓಡ್ತಾರೆ."

"ನಿಮ್ಮ ದೊಡ್ಡಪ್ಪ ದಿನಕ್ಕೆ ಎರಡು ಕಟ್ಟು ಬೀಡಿ ಸೇದೋರು ಕಣೋ. ಅವರು ಹೊಗೆಗೆ ಹೆದರ್ತಾರಾ?"

ಅಮ್ಮ ನಕ್ಕಳು. ಅಣ್ಣನ ಎಲೆಯ ಮುಂದೆ ಕೈ ಮುಗಿಯುವಾಗ ನಗಲಿಲ್ಲ. ಕೈಗಳು ಒಂದಕ್ಕೊಂದು ತಾಗದೆ ಹಾಗೇ ನಿಂತವು. "ಹೂಂ, ನಡಿ" ಎಂದು ಎದ್ದುಬಿಟ್ಟಳು.

ಯೋಗೇಶ ತನ್ನ ಕೆಲಸಕ್ಕೆ ಹೋದ. ನಾನು ಬಾಗಿಲೆಳೆದೆ, ಅದು ತಾನೇ ಲಾಕ್ ಆಯಿತು. ಅದನ್ನು ತೆರೆಯುವ ಕಾರ್ಡ್ ನನ್ನ ಕೈಯಲ್ಲಿತ್ತು. ನೀರಿನ ಕಡೆಯ ಗಾಜಿನ ಬಾಗಿಲನ್ನು ಪೂರ್ತಿ ಮುಚ್ಚಿದ್ದೆನೇ? ಮುಚ್ಚಿದೆ ಎಂದು ಬಹಳ ದಿನ ಹೇಳುತ್ತಿದ್ದೆ. ಗಾಳಿಯಾಡುವಷ್ಟು ಸಂದು ಬಿಡಲು ಅಮ್ಮ ಹೇಳಿದ್ದಳೆಂದು ಈಚೆಗೆ ಅನ್ನಿಸುತ್ತದೆ. ಅದೂ ನಿಜವಾದ ನೆನಪೋ, ಕಾರಣ ಹುಡುಕಿ ಹುಡುಕಿ ಹುಟ್ಟಿಕೊಂಡದ್ದೋ, ಹೇಳಲಾರೆ.

ನಾವಿಬ್ಬರೂ ಮುಂಬಾಗಿಲಿನ ಎದುರಿಗೇ ಮೆಟ್ಟಿಲ ಮೇಲೆ ಕೂತೆವು. ಅಮ್ಮ ಏಳಲಿಲ್ಲ. ಇದರಲ್ಲಿ ನನಗೆ ಸಂಶಯವಿಲ್ಲ. ಅವಳ ಮೊಣಕೈ ಅಷ್ಟೂ ಹೊತ್ತು ನನ್ನ ತೊಡೆಗೆ ಒತ್ತಿಕೊಂಡಿತ್ತು. ಹತ್ತು ನಿಮಿಷವೋ ಹದಿನೈದೋ ಆಗಿರಬೇಕು, ಲೀಲಾ ದೊಡ್ಡದೊಂದು ಟ್ರೇ ಹಿಡಿದು ಬಂದಳು.

"ಎಲೆ ತಗೊಂಡು ಹೋಗ್ಲಿಕ್ಕೆ ಬಂದೆ ಮೇಡಂ."

"ಯಾರು ಹೇಳಿದ್ದು?"

"ನಿಮ್ಮ ರೂಮಿಂದ ಈಗ ಫೋನ್ ಬಂತಲ್ಲ. ನಾನೇ ತೆಗೆದದ್ದು. ಒಂದು ಎಲೆ ಜಾಸ್ತಿ ಉಂಟು, ಬಂದು ತಗೊಂಡು ಹೋಗಿ ಅಂತ."

"ಒಳಗೆ ಯಾರೂ ಇಲ್ಲ. ನಾವಿಬ್ಬರೇ ಬಂದಿರೋದು, ಇಬ್ಬರೂ ಇಲ್ಲೇ ಕೂತಿದ್ದೀವಿ."

"ತಮಾಷೆ ಮಾಡ್ಬೇಡಿ ಮೇಡಂ. ಇವತ್ತು ಎಲ್ಲ ರೂಮೂ ಫುಲ್ ಉಂಟು, ನಂಗೆ ನಿಲ್ಲಲಿಕ್ಕೆ ಪುರುಸೊತ್ತಿಲ್ಲ. ಫೋನಲ್ಲಿ ನಿಮ್ಮದೇ ನಂಬರ್ ಬಂದದ್ದು."

ಅಮ್ಮ ಗೋಡೆ ಹಿಡಿದು ಎದ್ದಳು. ಬಾಗಿಲ ಮುಂದೆ ನಿಂತು ಎರಡು ಸಲ ಕೆಮ್ಮಿದಳು. ಇಂಥ ಹೊತ್ತಿನಲ್ಲೂ ಕೆಮ್ಮುವುದನ್ನು ಮರೆಯಲಿಲ್ಲ. ನಾನು ಲಾಕಿಗೆ ಕಾರ್ಡ್ ತಾಗಿಸಿದೆ.

ಒಳಗೆ ಎಲ್ಲವೂ ಇಟ್ಟ ಹಾಗೇ ಇತ್ತು. ದೀಪ ಉರಿಯುತ್ತಿತ್ತು. ಫೋನ್ ಮಂಚದ ಪಕ್ಕದಲ್ಲಿ ತನ್ನ ಜಾಗದಲ್ಲೇ ಇತ್ತು. ಎರಡೂ ಎಲೆಯ ಅಡುಗೆ ಮುಟ್ಟಿದಂತೆ ಕಾಣಲಿಲ್ಲ. ಮಂಚದ ಹಾಸಿಗೆಯ ಅಂಚು ಸ್ವಲ್ಪ ತಗ್ಗಿತ್ತು, ಆದರೆ ಅದು ನಾನು ಸೀರೆ ಸರಿಮಾಡಿಕೊಳ್ಳಲು ಕೂತ ಗುರುತೂ ಆಗಿರಬಹುದು.

ಅಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. ಎಡಗಡೆಯ ಎಲೆಯನ್ನು ಅಡುಗೆ ಸಮೇತ ಎರಡೂ ಕೈಯಲ್ಲಿ ಎತ್ತಿ ಲೀಲಾಳ ಟ್ರೇಗೆ ಇಟ್ಟಳು. "ತಗೊಂಡು ಹೋಗವ್ವ. ಎಲ್ಲರೂ ಹಂಚ್ಕೊಂಡು ಉಣ್ಣಿ. ಇದು ಎಡೆಯಲ್ಲ, ಬರೀ ಊಟ." ಆಮೇಲೆ ಅಪ್ಪನ ಎಲೆಯ ಮುಂದೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಎಂಟು ವರ್ಷದಲ್ಲಿ ಅವಳ ಮುಖ ಅಷ್ಟು ಸಡಿಲವಾದದ್ದನ್ನು ನಾನು ಕಂಡಿರಲಿಲ್ಲ.

"ಬದುಕಿರೋ ಮಗನಿಗೆ ಯಾಕೆ ಎಡೆ ಇಟ್ಟೆ ಅಂತ ನಿಮ್ಮಪ್ಪನೇ ಬಂದು ಕೇಳಿ ಹೋದ್ರು ನೋಡು. ಇನ್ನು ಆ ಕಾಗದ ನನ್ನ ಮುಂದೆ ತರಬೇಡ."

ಪಕ್ಕದ ಕಾಟೇಜಿನ ಹುಡುಗರು ಕುಡಿದು ಗಾಜಿನ ಬಾಗಿಲಿನಿಂದ ನುಗ್ಗಿ ಆಟವಾಡಿರಬಹುದು ಎಂದುಕೊಂಡೆ. ಯೋಗೇಶನನ್ನು ಕೇಳಿದರೆ ಅವರೆಲ್ಲ ಬೋಟಿನಲ್ಲಿದ್ದಾರೆಂದ. ನಂಬರ್ ತಪ್ಪಾಗಿ ಬರುವುದುಂಟಾ ಎಂದೆ. "ಮಳೆಗೆ ಲೈನ್ ಹಾಳಾದ್ರೆ ಏನ್ ಬೇಕಾದ್ರೂ ಆಗ್ತದೆ ಅಕ್ಕ" ಎಂದ. ಆ ದಿನ ಮಳೆ ಇರಲಿಲ್ಲ. ಕೊನೆಗೆ ಉಳಿದದ್ದು ಅಮ್ಮ. ಸಹಿ ತಪ್ಪಿಸಲು ಅಡುಗೆಮನೆಯಲ್ಲೇ ಲೀಲಾಳಿಗೆ ಹೇಳಿಕೊಟ್ಟಿರಬಹುದು. ನಿಜ ಹೇಳಬೇಕೆಂದರೆ ಹಾಗೇ ಆಗಿರಲಿ ಎಂದು ಬಯಸಿದೆ. ಹೊರಡುವ ಮುಂಚೆ ಲೀಲಾಳನ್ನು ಹುಡುಕಿಕೊಂಡು ಹೋದೆ. ಬೆಡ್‌ಶೀಟ್ ಮಡಚುತ್ತಿದ್ದಳು.

"ಅಮ್ಮ ಹೇಳಿಸಿದ್ದಾ? ನಾನು ಬೈಯೋದಿಲ್ಲ."

ಅವಳಿಗೆ ಸಿಟ್ಟು ಬಂತು. "ನನ್ನ ಮಕ್ಕಳಾಣೆ ಇಲ್ಲ. ಗಂಡಸರ ದನಿ ಮೇಡಂ."

"ವಯಸ್ಸಾದವರದ್ದಾ, ಹುಡುಗರದ್ದಾ?"

"ಅದು ಹೇಗೆ ಹೇಳ್ಲಿ? ಸುಸ್ತಾಗಿತ್ತು ದನಿ. ತುಂಬಾ ದೂರದಿಂದ ನಡ್ಕೊಂಡು ಬಂದವರ ಹಾಗೆ. ನಾನೊಬ್ಬನೇ ಬಂದದ್ದು, ಒಂದು ಎಲೆ ಸಾಕು ಅಂದ್ರು."

ಅಮ್ಮನ ಮುಂದೆ ಅವಳು ಈ ಮಾತು ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಅಪ್ಪ ತೀರಿಕೊಂಡದ್ದು ಮನೆಯ ಮಂಚದ ಮೇಲೆ, ನಮ್ಮೆಲ್ಲರ ಕಣ್ಣೆದುರಿಗೆ. ಅವರು ದೂರದಿಂದ ನಡೆದು ಬರಬೇಕಾದ್ದೇನಿತ್ತು?

ಅರ್ಜಿ ಕಚೇರಿಯ ಕಪಾಟಿನಲ್ಲಿದೆ. ಪ್ರತಿ ವರ್ಷ ಅಮಾವಾಸ್ಯೆಯ ದಿನ ಯೋಗೇಶ ಅದೇ ಕಾಟೇಜ್ ಬಿಟ್ಟುಕೊಡುತ್ತಾನೆ. ಅಮ್ಮ ಒಂದೇ ಎಲೆ ಹಾಸಿ ಅಪ್ಪನನ್ನು ಕರೆಯುತ್ತಾಳೆ, ಬೇಗ ಮಗನನ್ನು ಮನೆಗೆ ಕಳಿಸಿ ಎಂದು ಕೇಳಿಕೊಳ್ಳುತ್ತಾಳೆ. ನಾನು ಪಕ್ಕದಲ್ಲಿ ಕೂತು, ಯಾರ ಹೆಸರನ್ನೂ ಹೇಳದೆ ಬಡಿಸುತ್ತೇನೆ.