ಗಾಡಿ ಬಾರದ ಬೀದಿಯ ಮೆಕ್ಯಾನಿಕ್

ಹಳೆಯ ಪೇಟೆ ಹೊಸದಾಗುತ್ತಿದೆ, ಈಗಲೇ ಮಳಿಗೆ ಕೊಂಡರೆ ಬೆಲೆ ಗಗನಕ್ಕೇರುತ್ತದೆ ಎಂದು ಭಾವಮೈದ ತಲೆ ತಿಂದ. ಸ್ಕೂಟರ್ ಮೆಕ್ಯಾನಿಕ್ ಮನೆ ಮಾರಿ, ಅಷ್ಟು ವರ್ಷ ಬಾಡಿಗೆಗಿದ್ದ ಮಳಿಗೆಯನ್ನೇ ಕೊಂಡ. ಗಂಡ ಹೆಂಡತಿ ಅದರ ಅಟ್ಟಕ್ಕೆ ಬಂದು ಸೇರಿದರು. ಪೇಟೆಯನ್ನು ಹೊಸದಾಗಿಸುವ ನಗರಸಭೆಯ ಯೋಜನೆಯ ನಕ್ಷೆಯಲ್ಲಿ ಅವನ ಕಣ್ಣಿಗೆ ಬಿದ್ದದ್ದು ಒಂದೇ, ಬೀದಿ ಅಗಲವಾಗುತ್ತದೆ. ಬೀದಿ ಅಗಲವಾದರೆ ಗಾಡಿ ಹೆಚ್ಚು, ಗಾಡಿ ಹೆಚ್ಚಾದರೆ ಪಂಕ್ಚರ್ ಹೆಚ್ಚು!

ಅಗಲವೇನೋ ಆಯಿತು. ಆಮೇಲೆ ನುಣ್ಣನೆಯ ಕಲ್ಲು ಹಾಸಿದರು, ಬೆಂಚು ಹಾಕಿದರು, ಹೂಕುಂಡ ಇಟ್ಟರು. ಎರಡೂ ತುದಿಯಲ್ಲಿ ಕಬ್ಬಿಣದ ಕಂಬ ನೆಟ್ಟು, ಇನ್ನು ಇಲ್ಲಿ ನಡೆದಾಡುವವರಿಗೆ ಮಾತ್ರ ಜಾಗ ಎಂದರು. ಯಾರನ್ನು ಬೈಯುವುದು?

"ಭಾವ, ಬೆಲೆ ಮೂರು ಪಟ್ಟಾಗಿದೆ!" ಎಂದು ಭಾವಮೈದ ಓಡಿ ಬಂದ. "ಆದ್ರೆ ಕೆಲಸ ಪೂರ್ತಿ ಮುಗಿಯೋವರೆಗೂ ಮಾರೋ ಹಾಗಿಲ್ಲ, ಬಾಡಿಗೆಗೂ ಕೊಡೋ ಹಾಗಿಲ್ಲವಂತೆ."

"ಯಾವಾಗ ಮುಗಿಯುತ್ತೆ?"

"ಅದನ್ನ ಯಾರೂ ಹೇಳಲ್ಲ."

"ಅಲ್ಲೀವರೆಗೂ ಬೆಲೇನ ಬೇಯಿಸ್ಕೊಂಡು ತಿನ್ನಲೇನೋ?"

ಒಂದು ಸಂಜೆ ಮಗುವಿನ ತಳ್ಳುಗಾಡಿ ದೂಡಿಕೊಂಡು ಬಂದ ಹೆಂಗಸೊಬ್ಬಳು ಮಳಿಗೆಯ ಮುಂದೆ ನಿಂತಳು. "ಅಣ್ಣಾ, ಇದು ಒಂದು ಕಡೆ ಎಳೀತಿದೆ. ಸ್ವಲ್ಪ ಗಾಳಿ ಹಾಕ್ತೀರಾ?"

ಮೆಕ್ಯಾನಿಕ್‌ಗೆ ಹೋದ ಜೀವ ಬಂದಂತಾಯಿತು. ಪಂಪು ಹಿಡಿದು ಓಡಿ ಬಂದು ಕುಕ್ಕರಗಾಲಲ್ಲಿ ಕೂತ. ಚಕ್ರವನ್ನು ತಿರುಗಿಸಿ ತಿರುಗಿಸಿ ನೋಡಿದ. ಟ್ಯೂಬಿಲ್ಲ, ವಾಲ್ವಿಲ್ಲ, ಬರೀ ಗಟ್ಟಿ ರಬ್ಬರು.

"ಇದಕ್ಕೆ ಗಾಳೀನೇ ಬೇಕಿಲ್ಲಮ್ಮಾ" ಎಂದ, ಪಂಪನ್ನು ಕೆಳಗಿಡದೆ.