ಅಂಚೆಯಲ್ಲಿ ಪಂಚೆ ಮಾರಿದ್ದು

ಅಂಚೆಯಲ್ಲಿ ಪಂಚೆ ಮಾರುತ್ತೇನೆ ಎಂದಾಗ ಅಣ್ಣ ಊಟದ ತಟ್ಟೆ ಮುಂದೆ ಕೂತು ಬಿದ್ದೂ ಬಿದ್ದೂ ನಕ್ಕ.

“ಅಂಗ್ಡಿ ಅಂದ್ರೆ ಒಂದು ಬಾಗ್ಲಾದ್ರೂ ಇರ್ಬೇಕು ಕಣಮ್ಮಿ. ಗಿರಾಕಿ ಮಕ ಕಾಣ್ಬೇಕು. ಮಕ ಕಾಣ್ದೋನು ದುಡ್ಡು ಕೊಡ್ತಾನಾ? ಇದ್ಯಾವ ಸೀಮೆ ಅಂಗ್ಡಿ?”

ನಾನು ನಗಲಿಲ್ಲ. ಆ ದಿನಗಳಲ್ಲಿ ನನಗೆ ನಗು ಬರುತ್ತಿರಲಿಲ್ಲ, ಅಳುವೂ ಬರುತ್ತಿರಲಿಲ್ಲ. ಸಿಟ್ಟೊಂದು ಮಾತ್ರ ಚೆನ್ನಾಗಿ ಬರುತ್ತಿತ್ತು. “ಉಣ್ಣೋದ್ ಉಂಡು ಎದ್ದೋಗು” ಎಂದೆ. ಅವ್ವ ಇಬ್ಬರಿಗೂ ಬೈದು ಸಾರು ಬಡಿಸಿದಳು.

ನಾಗಮಂಗಲದ ಗಂಡನ ಮನೆ ಬಿಟ್ಟು ನಾನು ಅರಕೆರೆಯ ತವರಿಗೆ ಬಂದು ಆಗ ಕೆಲವು ತಿಂಗಳಾಗಿತ್ತು. ಹೊಡೀತಿದ್ನಾ, ಕುಡೀತಿದ್ನಾ ಎಂದು ಊರವರೆಲ್ಲ ಕೇಳಿದರು. ಎರಡೂ ಇಲ್ಲ. ಆತನಿಗೆ ಪೇಟೆಯಲ್ಲಿ ಜವಳಿ ಅಂಗಡಿಯಿತ್ತು. ಅಲ್ಲಿ ಬೆಳಗಿನಿಂದ ಸಂಜೆತನಕ “ಬನ್ನಿ ಅಕ್ಕ, ಕೂತ್ಕಳಿ ಅಕ್ಕ” ಎಂದು ಬಾಯಿ ತುಂಬ ಮಾತಾಡಿ, ಮನೆಗೆ ಬಂದರೆ ನನ್ನ ಜೊತೆ ಮಾತೇ ಇಲ್ಲ. ಏನು ಅಡುಗೆ ಬೇಕು ಎನ್ನುವುದನ್ನೂ ಅತ್ತೆಯ ಬಾಯಿಂದ ಹೇಳಿಸುತ್ತಿದ್ದ. ವರ್ಷಗಟ್ಟಲೆ ಹೀಗೇ ಆಗಿ, ಆ ಮನೆಯಲ್ಲಿ ನಾನು ಇದ್ದೇನೋ ಇಲ್ಲವೋ ಎಂದು ನನಗೇ ಅನುಮಾನ ಬರತೊಡಗಿತು. ಮಾತಾಡಲ್ಲ ಅನ್ನೋದೂ ಒಂದು ಕಾರಣವೇ ಎಂದು ನಗುತ್ತಾರೆ. ಅದಕ್ಕೆ ಊರವರ ಮುಂದೆ ಬಾಯಿ ಬಿಡಲಿಲ್ಲ.

ಆ ಸಂಬಂಧ ತಂದವನು ಕೆ.ಆರ್. ಪೇಟೆಯ ನನ್ನ ಸೋದರಮಾವ, ಅವ್ವನ ತಮ್ಮ. ತಾನು ಮಾಡಿಸಿದ ಮದುವೆ ಮುರಿದು ಬೀಳುವುದು ಅವನಿಗೆ ಮರ್ಯಾದೆಯ ಪ್ರಶ್ನೆ. ಜಗಲಿ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡು ತೀರ್ಮಾನ ಹೇಳಿದ.

“ಬರೋ ಯುಗಾದಿ ಗಂಟ ಟೈಮ್ ಕೊಡ್ತೀನಿ ಕಣವ್ವ. ಅಣ್ಣನ ಕೈ ನೋಡ್ದೆ ನಿನ್ ಅನ್ನ ನೀನು ದುಡ್ಕಂಡ್ರೆ ಸರಿ, ಇಲ್ಲೇ ಇರು. ಇಲ್ದಿದ್ರೆ ಬಾಯ್ಮುಚ್ಕಂಡು ನಾಗಮಂಗಲದ ಬಸ್ಸು ಅತ್ತು.”

ಅಲ್ಲಿಗೆ ಮುಗಿಯಿತು. ದುಡಿದರೆ ತವರು, ಇಲ್ಲದಿದ್ದರೆ ಆ ಮೂಕ ಮನೆ.

ದುಡಿಯುವುದಕ್ಕೆ ನನಗೆ ಗೊತ್ತಿದ್ದದ್ದು ಬಟ್ಟೆಯೊಂದೇ. ಜವಳಿಯವನ ಮನೆಯಲ್ಲಿದ್ದು ಅಷ್ಟಾದರೂ ಕಲಿತಿದ್ದೆ. ಮಿಲ್ಲಿನದು ಯಾವುದು, ಮಗ್ಗದ್ದು ಯಾವುದು ಎಂದು ಕಣ್ಣು ಮುಚ್ಚಿ ಮುಟ್ಟಿ ಹೇಳುತ್ತಿದ್ದೆ. ಮೇಲುಕೋಟೆಯ ಮಗ್ಗದ ಪಂಚೆ ಎಂದರೆ ನಮ್ಮ ಕಡೆಯ ಮದುವೆಗಳಲ್ಲಿ ಬೆಲೆಯಿತ್ತು. ದೂರದೂರಿನವರಿಗೆ ಬೆಟ್ಟ ಹತ್ತಿ ಬಂದು ಕೊಳ್ಳುವ ಪುರುಸೊತ್ತಿರಲಿಲ್ಲ. ಪೇಪರಿನಲ್ಲಿ ಕೈಗಡಿಯಾರ, ಟಾರ್ಚು, ಕೂದಲು ಬೆಳೆಯುವ ಎಣ್ಣೆ ಎಲ್ಲ ವಿ.ಪಿ.ಪಿ. ಮೂಲಕ ಮಾರುವ ಜಾಹೀರಾತು ಬರುತ್ತಿದ್ದವು. ಗಿರಾಕಿ ಒಂದು ಕಾರ್ಡು ಬರೆದರೆ ಸಾಕು, ಸಾಮಾನು ಅಂಚೆಯಲ್ಲಿ ಹೋಗುತ್ತದೆ. ಅಂಚೆಯವನು ಬಾಗಿಲಿಗೆ ತಂದಾಗ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕು. ಆ ದುಡ್ಡು ನಮಗೆ ಮನಿಯಾರ್ಡರಿನಲ್ಲಿ ಬರುತ್ತದೆ. ಬಾಗಿಲಿಲ್ಲ, ಬಾಡಿಗೆಯಿಲ್ಲ, ಗಲ್ಲಾಪೆಟ್ಟಿಗೆಯಿಲ್ಲ. ಖರ್ಚೇ ಇಲ್ಲದ ಅಂಗಡಿ ಎಂದುಕೊಂಡೆ.

ಅಯ್ಯೋ, ಖರ್ಚೇ ಇಲ್ಲವಂತೆ! ಒಂದು ಪಂಚೆ ಮಾರುವುದಕ್ಕೆ ಮೊದಲೇ ಜಾಹೀರಾತಿಗೆ ಕೊಡಬೇಕು, ಅದೂ ಪದಕ್ಕಿಷ್ಟು ಎಂದು. ‘ಅಪ್ಪಟ’ ಎನ್ನುವ ಪದ ತೆಗೆದೆ, ‘ಸುಪ್ರಸಿದ್ಧ’ ತೆಗೆದೆ. ಕೊನೆಗೆ ಉಳಿದದ್ದು ಪಂಚೆ, ಅಳತೆ, ಬೆಲೆ, ವಿಳಾಸ. ಮೇಲುಕೋಟೆಯ ನೇಕಾರರು ಗುರುತಿಲ್ಲದ ಹೆಂಗಸಿಗೆ ಕಡ ಕೊಡುತ್ತಾರೆಯೇ? ಕೈಮೇಲೆ ಕಾಸು ಇಟ್ಟರೆ ಮಾತ್ರ ಪಂಚೆ. ಅದಕ್ಕೆ ಶ್ರೀರಂಗಪಟ್ಟಣದಲ್ಲಿ ನನ್ನ ಬಳೆ ಮಾರಿದೆ. ಪಾಂಡವಪುರದಲ್ಲಿ ಬಸ್ಸು ಬದಲಾಯಿಸಿ ಬೆಟ್ಟಕ್ಕೆ ಹೋಗಿ ಬರುವುದರಲ್ಲಿ ಒಂದು ದಿನ ಹಾಳು. ಕಂಡಕ್ಟರು ನನಗೊಂದು, ಗಂಟಿಗೊಂದು ಚೀಟಿ ಹರಿಯುತ್ತಿದ್ದ. ಪಾರ್ಸಲು ಹೊಲಿಯುವುದಕ್ಕೆ ದಪ್ಪ ಬಟ್ಟೆ, ದಬ್ಬಣ, ಸೆಣಬಿನ ದಾರ, ಹೊಲಿಗೆಯ ಮೇಲೆ ಮುದ್ರೆ ಒತ್ತುವುದಕ್ಕೆ ಅರಗು. ಆಮೇಲೆ ಅಂಚೆಯ ಸ್ಟಾಂಪು. ಬಳೆ ಕರಗಿದ್ದು ಹೀಗೆ.

ಆದರೂ ಕಾರ್ಡುಗಳು ಬಂದವು. ಮಂಡ್ಯ, ಮೈಸೂರು, ಹಾಸನದ ಕಡೆಯ ಹಳ್ಳಿಗಳಿಂದ, ಬೆಂಗಳೂರಿನಿಂದ. ಅಣ್ಣ ಒಂದೊಂದನ್ನೂ ತಿರುಗಿಸಿ ನೋಡಿ, “ಇವ್ರಿಗೆಲ್ಲ ಏನ್ ಬಂದಿತ್ತು ರೋಗ?” ಎಂದು ಕೇಳಿದ. ಆದರೆ ಪಾರ್ಸಲು ಹೊಲಿಯಲು ತಾನೇ ಕೂತ. ದಪ್ಪ ಬೆರಳಿಗೆ ದಬ್ಬಣ ಚುಚ್ಚಿಕೊಂಡು ನನ್ನನ್ನು ಬೈಯುತ್ತ ಹೊಲಿದ.

ಯಾವ ದಿನ ಕಳಿಸಬೇಕು ಎನ್ನುವುದನ್ನು ಅವ್ವ ಹೇಳಿದಳು. ಮಂಗಳವಾರ ಬೇಡ, ಶುಕ್ರವಾರ ಬೇಡವೇ ಬೇಡ, ಬುಧವಾರ ಒಳ್ಳೆಯದು. ಅದರಲ್ಲಿ ವಿಚಾರ ಮಾಡುವಂಥದ್ದೇನೂ ನನಗೂ ಕಾಣಲಿಲ್ಲ. ಬುಧವಾರದ ಬೆಳಗ್ಗೆ ಗಂಟು ಹೊತ್ತುಕೊಂಡು ಶ್ರೀರಂಗಪಟ್ಟಣದ ಬಸ್ಸು ಹತ್ತಿ, ಅಲ್ಲಿಯ ಅಂಚೆ ಕಚೇರಿಯಲ್ಲಿ ತೂಕ ಹಾಕಿಸಿ ಕಳಿಸಿದೆ.

ಮುಂದಿನ ವಾರದಿಂದ ಒಂದೊಂದೇ ವಾಪಸು ಬಂದವು. ನನ್ನ ಅರಗು, ಅಣ್ಣನ ಹೊಲಿಗೆ, ಎಲ್ಲ ಹಾಗೇ ಇದ್ದವು. ಯಾರೂ ಬಿಚ್ಚಿಯೂ ನೋಡಿರಲಿಲ್ಲ. ಮೇಲೆ ‘ತೆಗೆದುಕೊಳ್ಳಲಿಲ್ಲ’ ಎಂದು ಬರೆದಿರುತ್ತಿತ್ತು. ಹೋದ ಸ್ಟಾಂಪು ಹೋಯಿತು. ಮತ್ತೆ ಜಾಹೀರಾತು ಕೊಟ್ಟೆ, ಮತ್ತೆ ಬುಧವಾರ ಕಳಿಸಿದೆ, ಮತ್ತೆ ಮುಕ್ಕಾಲುಪಾಲು ವಾಪಸು ಬಂದವು. ತಾವೇ ಕಾರ್ಡು ಬರೆದು ಕೇಳಿದವರು ಬಾಗಿಲಿಗೆ ಬಂದದ್ದನ್ನು ಏಕೆ ಬೇಡವೆನ್ನುತ್ತಾರೆ? ಮೊದಮೊದಲು ಹೊಟ್ಟೆ ಉರಿಯಿತು, ಬಾಯಿಗೆ ಬಂದಂತೆ ಬೈದೆ. ಆಮೇಲೆ ಅದೂ ನಿಂತಿತು. ಅಂಚೆಯವನು ಸೈಕಲ್ಲು ನಿಲ್ಲಿಸಿದರೆ ಎದ್ದು ಹೋಗಿ ಸಹಿ ಹಾಕಿ, ಗಂಟು ತಂದು ಕೋಣೆಯಲ್ಲಿ ಒಟ್ಟುತ್ತಿದ್ದೆ. ಅಣ್ಣನೂ ತಮಾಷೆ ಮಾಡುವುದನ್ನು ಬಿಟ್ಟ. ಅವನು ತಮಾಷೆ ಬಿಟ್ಟದ್ದು ನನಗೆ ಹೆಚ್ಚು ಹೆದರಿಕೆ ತಂದಿತು.

ಪಾರ್ಸಲು ಏಕೆ ವಾಪಸು ಬರುತ್ತವೆ ಎಂದು ತಿಳಿದದ್ದು ಒಂದು ಶುಕ್ರವಾರ. ಅವ್ವ ಹೊಸ್ತಿಲು ತೊಳೆದು ಅರಿಶಿನ ಕುಂಕುಮ ಇಟ್ಟು ಆಗತಾನೇ ಎದ್ದಿದ್ದಳು. ನಾನು ಒಳಗೆ ಕಸ ಗುಡಿಸುತ್ತಿದ್ದೆ. ಅಂಚೆಯವನು ಬಂದು, ಅಣ್ಣನ ಹೆಸರಿಗೆ ವಿ.ಪಿ. ಬಂದಿದೆ, ದುಡ್ಡು ಕೊಡಿ ಎಂದ.

ಅವ್ವ ಸಿಡಿದಳು. “ಸುಕ್ರವಾರ ಒತ್ತಾರೆಗೇ ಬಂದು ದುಡ್ಡು ಕೇಳ್ತೀಯಲ್ಲಪ್ಪ, ನಿಂಗೇನ್ ಗ್ಯಾನ ಇಲ್ವಾ? ನಮ್ಮನೇಲಿ ಇವತ್ತು ಕಾಸು ಆಚೆ ಓಗಕಿಲ್ಲ. ಲಚ್ಮಿ ಎದ್ದೋಯ್ತಾಳೆ. ಇನ್ಯಾವತ್ತಾದ್ರೂ ಬಾ.”

ಅಂಚೆಯವನು ಎದುರಾಡದೆ ಸೈಕಲ್ಲು ಹತ್ತಿ ಹೊರಟುಹೋದ. ಸ್ನಾನಕ್ಕೆ ಹೊರಟಿದ್ದ ಅಣ್ಣ ಓಡಿ ಬಂದು, “ಅವ್ವಾ, ಅದು ಬೇಕಾದ್ದು ಕಣವ್ವಾ” ಎಂದು ಪೇಚಾಡಿದ. ಏನದು ಎಂದು ಕೇಳಿದೆ. “ಔಸ್ದಿ” ಎಂದ. ಯಾವ ಔಷಧಿ ಎಂದರೆ ಹೇಳಲೊಲ್ಲ. ಕೈ ಮಾತ್ರ ನೆತ್ತಿಯ ಬೋಳು ಜಾಗಕ್ಕೆ ಹೋಯಿತು. ಮಹಾರಾಯ, ಕೂದಲು ಬೆಳೆಯುವ ಎಣ್ಣೆ ತರಿಸಿದ್ದ!

ನಗಬೇಕಾದದ್ದೇ. ನಾನು ಪೊರಕೆ ಹಿಡಿದು ನಿಂತೇ ಇದ್ದೆ. ಬುಧವಾರ ಕಳಿಸಿದ ಪಾರ್ಸಲು ಎರಡು ದಿನಕ್ಕೆ ಊರು ಸೇರುತ್ತದೆ. ಬುಧವಾರ, ಗುರುವಾರ, ಶುಕ್ರವಾರ. ನನ್ನ ಪಂಚೆ ಬೇಡವೆಂದ ಮನೆಗಳಲ್ಲೆಲ್ಲ ಇಂಥ ಒಬ್ಬ ಅವ್ವ ಬಾಗಿಲಿಗೆ ನಿಂತಿದ್ದಳು. ಆ ಅಂಚೆಯವನು ಮತ್ತೆ ಆ ಹಳ್ಳಿಗೆ ಬರುವಷ್ಟರಲ್ಲಿ ಎತ್ತಿಟ್ಟ ದುಡ್ಡು ಸಂತೆಗೋ ಗೊಬ್ಬರಕ್ಕೋ ಹೋಗಿರುತ್ತಿತ್ತು. ಶುಕ್ರವಾರ ಒಂದು ಕಾಸು ಆಚೆ ಹೋಗದ ಮನೆಯಲ್ಲಿ ಹುಟ್ಟಿದ ನಾನು, ಶುಕ್ರವಾರವೇ ಕಾಸು ಕೊಡಿ ಎಂದು ಊರೂರಿಗೆ ಗಂಟು ಕಳಿಸಿದ್ದೆ. ಬೈಯಬೇಕೆಂದರೆ ಯಾರನ್ನು ಬೈಯುವುದು?

ಅವತ್ತೇ ಹೇಳಿದೆ, ಇನ್ನು ಮೇಲೆ ಶನಿವಾರ ಕಳಿಸುತ್ತೇನೆ, ಸೋಮವಾರದ ಹೊತ್ತಿಗೆ ತಲುಪಲಿ ಎಂದು. ಅವ್ವ ಎದೆ ಹಿಡಿದುಕೊಂಡಳು. “ಸನಿವಾರ ಒಸ ಬಟ್ಟೆ ಆಚೆ ಕಳಿಸ್ತಾರೇನೇ? ಮದ್ವೆ ಮನೆ ಪಂಚೆ ಕಣೇ ಅವು!”

“ಅಂಗಾದ್ರೆ ನಾಗಮಂಗಲಕ್ಕೆ ನನ್ನೇ ಕಳ್ಸು” ಎಂದೆ. ಅವ್ವ ಒಪ್ಪಿದಳು. ಆದರೆ ಪ್ರತಿ ಶನಿವಾರ ನಾನು ಹೊರಡುವ ಮುಂಚೆ ಎಲ್ಲ ಪಾರ್ಸಲಿನ ದಾರಕ್ಕೂ ಚೂರು ಅರಿಶಿನ ಸವರಿ, ದೇವರ ಕಡೆ ನೋಡಿ ತಪ್ಪೊಪ್ಪಿಕೊಳ್ಳುತ್ತಿದ್ದಳು.

ಆಮೇಲೆ ವಾಪಸು ಬರುವುದು ಕಮ್ಮಿಯಾಯಿತು. ಮನಿಯಾರ್ಡರು ಬರತೊಡಗಿದವು. ಖರ್ಚೇನೂ ನಿಲ್ಲಲಿಲ್ಲ. ಜಾಹೀರಾತು ಎಂದರೆ ಎಮ್ಮೆಗೆ ಹಿಂಡಿ ಇಟ್ಟ ಹಾಗೆ, ಒಂದು ಹೊತ್ತು ತಪ್ಪಿಸಿದರೆ ಹಾಲಿಲ್ಲ. ಅಂಚೆಯ ದರ ಏರಿತು, ಬಸ್ಸಿನ ಚಾರ್ಜು ಏರಿತು, ಕೋಣೆಯಲ್ಲಿ ಇಲಿ ಬಂದು ಎರಡು ಪಂಚೆಯ ಅಂಚು ಕಡಿಯಿತು. ಎಲ್ಲ ಕಳೆದು ಕೈಯಲ್ಲಿ ಏನೋ ಉಳಿಯಿತು. ಅಕ್ಕಿ, ಸೊಪ್ಪು ಸದೆಗೆ ಎಂದು ಅವ್ವನ ಕೈಯಲ್ಲಿ ಇಟ್ಟೆ. ಅವ್ವ ಅದನ್ನು ಕಣ್ಣಿಗೊತ್ತಿಕೊಂಡಳು. ಅಣ್ಣ ಊರೆಲ್ಲ ಹೇಳಿಕೊಂಡು ಬಂದ. ನನಗೂ ಸಂತೋಷ ಆಗಬೇಕಿತ್ತು. ಕಾಲು ಜೋಮು ಹಿಡಿದಾಗ ಚಿವುಟಿದರೆ ಗೊತ್ತಾಗುವುದಿಲ್ಲವಲ್ಲ, ಹಾಗಿದ್ದೆ. ಇಲ್ಲೇ ಇರಬಹುದು ಎನ್ನುವುದಷ್ಟು ತಿಳಿಯಿತು.

ಯುಗಾದಿಗೆ ಇನ್ನೂ ಸ್ವಲ್ಪ ದಿನವಿರುವಾಗ ಮಾವ ಬಂದ. ಒಬ್ಬನೇ ಬರಲಿಲ್ಲ. ಹಿಂದೆ ನನ್ನ ಗಂಡ ಚಪ್ಪಲಿ ಬಿಡುತ್ತಿದ್ದ. ನಾನು ಕೋಣೆಯಲ್ಲಿ ಪಂಚೆ ಮಡಿಸುತ್ತಿದ್ದವಳು ಹಾಗೇ ಕೂತೆ.

“ಗೆದ್ಬುಟ್ಟೆ ಕಣವ್ವ!” ಎಂದು ಮಾವ ಒಳಗೇ ಬಂದ. “ಅಳಿಮಯ್ಯನೋರು ಪೇಪರ್‌ನಾಗೆ ನೋಡವ್ರೆ. ನಾಗಮಂಗಲದೋರೇ ಇಲ್ಲಿಂದ ಪಂಚೆ ತರುಸ್ಕತಾವ್ರಂತೆ, ಅವ್ರ್ ಅಂಗ್ಡಿ ನೊಣ ಒಡೀತೈತೆ. ಇನ್ನೇನು? ಅಂಗ್ಡಿ ಸಮೇತ ಕರ್ಕಂಡೋಯ್ತಾರಂತೆ. ನಾಗಮಂಗಲದಲ್ಲೇನ್ ಪೋಸ್ಟಾಪೀಸ್ ಇಲ್ವಾ?”

ಅಣ್ಣ ಎದ್ದು ನಿಂತ. “ಅದೆಂಗ್ ಮಾವ? ದುಡ್ಕಂಡ್ರೆ ಇಲ್ಲೇ ಇರು ಅಂದಿದ್ದು ನೀನೇ ತಾನೆ?”

“ಆಗ ಗಂಡ ಕರಿಯಾಕ್ ಬಂದಿರ್ಲಿಲ್ಲ ಕಣ್ಲಾ. ಈಗ ಬಾಗ್ಲಿಗೇ ಬಂದವ್ರೆ. ಇಲ್ಲ ಅಂತ ಕಳ್ಸಕ್ಕಾಯ್ತದಾ? ಊರು ಏನಂದಾತು?”

ದುಡಿಯದಿದ್ದರೂ ನಾಗಮಂಗಲ, ದುಡಿದರೂ ನಾಗಮಂಗಲ. ನಾನು ಗಂಡನ ಕಡೆ ನೋಡಿದೆ. ಆತ ಕೋಣೆಯ ಬಾಗಿಲಲ್ಲಿ ನಿಂತು ಮೇಲಿನ ಪಂಚೆಯೊಂದರ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೂಲು ನೋಡುತ್ತಿದ್ದ. ನನಗೆ ಎಲ್ಲಿತ್ತೋ ಸಿಟ್ಟು.

“ಅಂಗ್ಡಿ ಬೇಕಾದ್ರೆ ತಕ್ಕೊಂಡೋಗ್ಲಿ” ಎಂದೆ. “ನಾನ್ ಬರಕಿಲ್ಲ.”

ಅವ್ವ “ಅಯ್ಯೋ ಸಿವನೇ” ಎಂದು ಗೋಡೆಗೆ ಒರಗಿದಳು. ಮಾವನ ಬಾಯಲ್ಲಿ ಎಲೆಯಡಿಕೆ ಹಾಗೇ ನಿಂತಿತು. ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡುತ್ತೇನೆ. ಆತ ಬೈಯಲಿ, ಇದ್ಯಾವ ಸೀಮೆ ಮಾತು ಎಂದು ರೇಗಲಿ ಎಂದು ಕಾದೆ. ನೀನೂ ಬಾ ಎಂದು ಒಂದು ಸಲ ಅಂದಿದ್ದರೆ ಎದ್ದು ಹೋಗುತ್ತಿದ್ದೆನೋ ಏನೋ, ಇವತ್ತಿಗೂ ಗೊತ್ತಿಲ್ಲ.

ಆತ ಪಂಚೆ ಕೆಳಗಿಟ್ಟು ನನ್ನ ಮುಖ ನೋಡಿದ.

“ಪೇಪರ್‌ನೋರು ಒಸ ಅಡ್ರೆಸ್ ಆಕ್ತಾರಾ?”

“ಆಕ್ತಾರೆ.”

“ಮೇಲುಕೋಟೆಯೋರು ಕಡ ಕೊಡ್ತಾರಾ?”

“ಇಲ್ಲ. ಕೈಗೆ ಕಾಸು.”

“ಅಂಗಾದ್ರೆ ಸರಿ” ಎಂದ. ಅಷ್ಟೇ. ಅವ್ವ ಇಟ್ಟ ಕಾಫಿ ಇನ್ನೂ ಆರಿರಲಿಲ್ಲ.

ಆಮೇಲೆ ಎಲ್ಲ ಬೇಗ ಬೇಗ ಆಯಿತು. ಪಂಚೆಗಳನ್ನು ಎರಡು ಗಂಟು ಕಟ್ಟಿದರು. ಗಿರಾಕಿಗಳ ಕಾರ್ಡು, ದಬ್ಬಣ, ಉಳಿದ ಅರಗು, ಎಲ್ಲವನ್ನೂ ಆತ ನೆನಪಿಟ್ಟು ಕೇಳಿ ತೆಗೆದುಕೊಂಡ. ಬಳೆಯ ದುಡ್ಡಾದರೂ ಕೊಟ್ಟು ಹೋಗಲಿ ಎಂದು ಅಣ್ಣ ಕೂಗಾಡಿದ. ನಾನೇ ಸುಮ್ಮನಿರಿಸಿದೆ. ಇನ್ನು ಮುಂದೆ ಕರೆಯಲು ಬರುವುದಿಲ್ಲ ಎಂದು ಆತ ಮಾವನ ಮುಂದೆ ಒಪ್ಪಿಕೊಂಡ. ಮಾವನಿಗೆ ಅದೇ ದೊಡ್ಡ ನ್ಯಾಯ ತೀರಿಸಿದ ಹಾಗೆ ಕಂಡಿತು. ಗಂಟುಗಳನ್ನು ಬಸ್ಸಿನ ಮೇಲೆ ಹಾಕಿಸಿ ಇಬ್ಬರೂ ಹೋದರು.

“ಬುಡು ಕಣಮ್ಮಿ” ಎಂದ ಅಣ್ಣ. “ಓದ್ರೆ ಅಂಗ್ಡಿ ಓಯ್ತು. ನೀನ್ ಇಲ್ಲೇ ಇರು. ಯಾವನ್ ಏನ್ ಕೇಳ್ತಾನೋ ನಾನ್ ನೋಡ್ತೀನಿ.”

ತವರು ಉಳಿಯಿತು. ಅಂಗಡಿ ಹೋಗಿದ್ದಕ್ಕೆ ನನಗೆ ಏನೂ ಅನ್ನಿಸಲಿಲ್ಲ, ಬಳೆ ಹೋಗಿದ್ದಕ್ಕೂ ಇಲ್ಲ. ಖಾಲಿ ಕೋಣೆಯಲ್ಲಿ ಕೂತಾಗ ಎದೆಯೊಳಗೆ ಚುಚ್ಚಿದ್ದು ಒಂದೇ. ಆತ ಜವಳಿ ವ್ಯಾಪಾರಿ. ಮೊಳ ಲಂಗದ ಬಟ್ಟೆಗೂ ಅರ್ಧ ಗಂಟೆ ಚೌಕಾಸಿ ಮಾಡುವುದನ್ನು ನಾನೇ ಕಂಡಿದ್ದೆ. ನನ್ನ ವಿಷಯಕ್ಕೆ ಒಂದು ಮಾತೂ ಚೌಕಾಸಿ ಮಾಡಲಿಲ್ಲ.