ಕೊಲಂಬೊದಿಂದ ಬಂದ ಸೋಮಕ್ಕ

ಕಂಕನಾಡಿ ಮಾರ್ಕೆಟಿನಲ್ಲಿ ಈಗ ಸೋಮಕ್ಕನ ಎದುರು ಹೆಚ್ಚು ಕ್ರಯ ಹೇಳುವ ಧೈರ್ಯ ಯಾವ ಮೀನಿನವಳಿಗೂ ಇಲ್ಲ. ಅವಳ ತುಳು ಕೇಳಿದವರು ಇಲ್ಲೇ ಹುಟ್ಟಿ ಬೆಳೆದವಳೆಂದು ತಿಳಿಯುತ್ತಾರೆ. ಹತ್ತು ವರ್ಷದ ಹಿಂದೆ ಇದೇ ಮಾರ್ಕೆಟಿನ ಬದಿಯಲ್ಲಿ ಅವಳು ನಿಂತಿದ್ದ ಸ್ಥಿತಿಯನ್ನು ನಾನು ಕಂಡಿದ್ದೇನೆ. ಮಂಗಳೂರಿನವರ ಆದರಾತಿಥ್ಯ ಅಂತ ಯಾರಾದರೂ ಹೊಗಳಲು ಶುರುಮಾಡಿದರೆ ನನಗೆ ಮೈ ಉರಿಯುವುದು ಆ ಕಾರಣಕ್ಕೇ.

ಎಪ್ಪತ್ತೊಂಬತ್ತರ ಮಾತು. ಕಂಕನಾಡಿ ಮಾರ್ಕೆಟಿನ ಬದಿಯಲ್ಲೇ ನನ್ನದೊಂದು ಚಹಾದ ಹೋಟೆಲಿತ್ತು. ಬೆಳಗಿನ ಮದ್ರಾಸ್ ರೈಲು ಬಂದು ಸ್ವಲ್ಪ ಹೊತ್ತಾಗಿರಬೇಕು, ಬಿಳಿ ಸೀರೆಯ ಹೆಂಗಸೊಬ್ಬಳು ನಾಲ್ಕೈದು ವರ್ಷದ ಹುಡುಗಿಯ ಕೈಹಿಡಿದು ಬಾಗಿಲಲ್ಲಿ ನಿಂತಳು. "ಸುಂದರ, ಕೂಳೂರು, ಸೇತುವೆ" ಎಂದಳು. ಆಮೇಲೆ ತಮಿಳಿನಲ್ಲಿ ಏನೇನೋ ಹೇಳಿದಳು. ಸೇಲಂನ ಹೋಟೆಲಿನಲ್ಲಿ ತಟ್ಟೆ ತೊಳೆದು ಕಲಿತ ತಮಿಳು ನನ್ನದು, ಅದು ಆವತ್ತು ಕೆಲಸಕ್ಕೆ ಬಂತು.

ಅವಳು ಸೋಮಾವತಿ, ಸಿಂಹಳದವಳು, ಕೊಲಂಬೊದ ಪೇಟೆಯಲ್ಲಿ ತಮಿಳು ಕಲಿತವಳು. ಕೂಳೂರಿನ ಸುಂದರ ಕೊಲಂಬೊದ ಹೋಟೆಲೊಂದರಲ್ಲಿ ಅಡುಗೆಯವನಾಗಿದ್ದಾಗ ಅವನನ್ನು ಮದುವೆಯಾಗಿದ್ದಳು. ಮದುವೆಯ ದಿನವೇ ಅವಳ ಅಣ್ಣಂದಿರು ಬಾಗಿಲು ಹಾಕಿಕೊಂಡರು. ಈಗ ಸುಂದರ ಜ್ವರದಲ್ಲಿ ತೀರಿಹೋಗಿದ್ದ. ಗಂಡನ ಮನೆಯೊಂದೇ ಗತಿ ಎಂದು ಇದ್ದದ್ದನ್ನೆಲ್ಲ ಮಾರಿ, ಹಡಗು ಹತ್ತಿ, ರೈಲು ಹಿಡಿದು ಬಂದಿದ್ದಳು. ಮರಳಿ ಹೋಗಲು ಅವಳಿಗೆ ಊರೇ ಇರಲಿಲ್ಲ.

ಗಂಜಿ ಕೊಟ್ಟೆ. ಕೆಂಪು ಕುಚ್ಚಲಕ್ಕಿ ನೋಡಿ ಅವಳ ಮುಖ ಅರಳಿತು. ತೆಂಗು, ಮೀನು, ಹಂಚಿನ ಮಾಡು, ಎಲ್ಲವೂ ತನ್ನ ಊರಿನ ಹಾಗೆಯೇ ಉಂಟೆಂದು ಮಗಳಿಗೆ ತೋರಿಸಿದಳು. ಅವಳನ್ನು ಮೋಸಗೊಳಿಸಿದ್ದೇ ಅದು. ಕಣ್ಣಿಗೆ ಕಾಣುವುದೆಲ್ಲ ಒಂದೇ ಇದ್ದ ಮೇಲೆ ಮನೆಯೊಳಗಿನ ಕಟ್ಟಳೆ ತಲೆಕೆಳಗಾಗಿರುತ್ತದೆ ಎಂದು ಯಾರು ತಾನೆ ಎಣಿಸುತ್ತಾರೆ?

ಹೋಟೆಲನ್ನು ಅಡುಗೆಯವನಿಗೆ ಒಪ್ಪಿಸಿ ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಸುಂದರನ ತಾಯಿ ಸತ್ತು ಮನೆ ಅವನ ಅಕ್ಕ ಕುಶಲಾಳ ಕೈಯಲ್ಲಿತ್ತು. ಯಾರು ಏನು ಎಂದು ಕೇಳುವ ಮೊದಲೇ ಅವಳು ಬೆಲ್ಲ ನೀರು ತಂದಿಟ್ಟಳು. ಸೋಮಾವತಿ ಕಣ್ಣು ತುಂಬಿಕೊಂಡು ಬೆಲ್ಲ ಕಚ್ಚಿದಳು. ತನ್ನನ್ನು ಮನೆಗೆ ಸೇರಿಸಿಕೊಂಡರು ಎಂದು ತಿಳಿದು, ಬಟ್ಟೆಗಂಟನ್ನು ಒಳಗಿನ ಮೂಲೆಯಲ್ಲಿಟ್ಟು ಬಂದಳು. ನಮ್ಮಲ್ಲಿ ಬೆಲ್ಲ ನೀರು ದಾರಿಹೋಕನಿಗೂ ಸಿಗುತ್ತದೆ ಎಂದು ಹೇಳುವಷ್ಟು ಬಾಯಿ ನನಗೆ ಬರಲಿಲ್ಲ.

ನನ್ನ ಹೆಸರು, ಊರು ತಿಳಿಸಿ, ತಮ್ಮ ಸತ್ತ ಸುದ್ದಿ ಹೇಳಿದಾಗ ಕುಶಲಾ ಎದೆ ಬಡಿದುಕೊಂಡು ಅತ್ತಳು, ಮಗುವನ್ನು ಅಪ್ಪಿಕೊಂಡಳು. ಅದು ಸುಳ್ಳು ಅಳುವಲ್ಲ. ಆಮೇಲೆ ಕಣ್ಣೊರಸಿಕೊಂಡು ಮೂಲೆಯ ಗಂಟನ್ನು ನೋಡಿದಳು.

"ತಾರಾನಾಥ, ಇವಳು ಎಂತ, ಇಲ್ಲೇ ಇರ್ಲಿಕ್ಕೆ ಬಂದದ್ದಾ?"

"ಗಂಡನ ಮನೆ ಅಲ್ವಾ ಅಕ್ಕ."

"ಗಂಡನ ಮನೆ ಎಂತದ್ದು ಮಾರಾಯ? ಇದು ನನ್ನ ತಾಯಿ ಮನೆ. ನನ್ನ ನಂತರ ನನ್ನ ಹೆಣ್ಣುಮಕ್ಕಳದ್ದು. ಸುಂದರ ಇದ್ದಿದ್ರೂ ಅವನ ಹೆಂಡತಿಗೆ ಇಲ್ಲಿ ಎಂತ ಉಂಟು? ಮಗು ತಾಯಿಯ ಕುಟುಂಬಕ್ಕೆ ಸೇರಿದ್ದು. ಅವಳು ಅವಳ ತಾಯಿ ಮನೆಗೆ ಹೋಗ್ಲಿ."

ತಾಯಿಯಿಂದ ಮಗಳಿಗೆ ಮನೆ ಸಾಗುವ ಅಳಿಯಸಂತಾನದ ಲೆಕ್ಕದಲ್ಲಿ ಅವಳು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಇಷ್ಟು ಸರಿಯಾದ ಮಾತು ಇಷ್ಟು ಕಟುವಾಗಿರಬಹುದು ಎಂದು ನನಗೆ ಗೊತ್ತಾದದ್ದು ಅದನ್ನು ತಮಿಳಿನಲ್ಲಿ ಹೇಳಬೇಕಾದಾಗ. ಸೋಮಾವತಿಗೆ ಅರ್ಥವಾಗಲಿಲ್ಲ. ಗಂಡ ಹುಟ್ಟಿದ ಮನೆ ಹೆಂಡತಿಯದಲ್ಲ ಎಂದರೆ ಮತ್ತೆ ಯಾರದು ಎಂದು ಕೇಳಿದಳು. ಕುಶಲಾಳ ಕಾಲು ಹಿಡಿದಳು. ಜಗಲಿಯಲ್ಲಿ ಕೂತಿದ್ದ ಕುಶಲಾಳ ಗಂಡನ ಕಾಲನ್ನೂ ಹಿಡಿದಳು. ಆ ಬಡಪಾಯಿಗೆ ಆ ಮನೆಯಲ್ಲಿ ಒಂದು ತೆಂಗಿನಕಾಯಿ ಕೊಡುವ ಅಧಿಕಾರವೂ ಇರಲಿಲ್ಲ. ಅವನು ಕಾಲು ಎಳೆದುಕೊಂಡು ಎದ್ದುಹೋದ.

ಬಿಟ್ಟುಬಿಡಲು ಮನಸ್ಸಾಗದೆ ಇಬ್ಬರನ್ನೂ ನಂತೂರಿನ ನಮ್ಮ ಮನೆಗೆ ಕರೆತಂದೆ. ನನ್ನ ಅಮ್ಮ ಜಲಜಾಕ್ಷಿಗೆ ನಾನು, ತಮ್ಮ ಲೋಕನಾಥ, ಎರಡೂ ಗಂಡು. ಹೆಣ್ಣಿಲ್ಲದೆ ಕುಟುಂಬ ತನ್ನಲ್ಲಿಗೇ ಮುಗಿಯುತ್ತದೆ ಎಂಬ ಕೊರಗು ಅವಳಿಗೆ. ಕಾನೂನು ಬದಲಾಗಿತ್ತು, ಗಂಡುಮಕ್ಕಳಿಗೂ ಪಾಲು ಉಂಟೆಂದು ವಕೀಲರೇ ಹೇಳಿದ್ದರು. ಅಮ್ಮನ ತಲೆ ಬದಲಾಗಿರಲಿಲ್ಲ. ನಾವಿಬ್ಬರೂ ಉಣ್ಣುತ್ತ ಎದುರು ಕೂತಿರುವಾಗಲೇ, ಈ ಮನೆಯಲ್ಲಿ ಯಾರೂ ಇಲ್ಲ ಎಂದು ಗೋಳಾಡುತ್ತಿದ್ದಳು.

ಮಗು ಊಟ ಮಾಡಿ ಅಮ್ಮನ ಮಡಿಲಲ್ಲೇ ತೂಕಡಿಸಿತು. ಅಮ್ಮ ಅದರ ತಲೆ ಸವರುತ್ತ ನಡೆದದ್ದೆಲ್ಲ ಕೇಳಿಸಿಕೊಂಡಳು.

"ಈ ಹುಡುಗಿಯನ್ನು ನನಗೆ ಕೊಡು ಅಂತ ಹೇಳು ಅವಳಿಗೆ" ಎಂದಳು.

ನನ್ನ ಸೇಲಂ ತಮಿಳಿನಲ್ಲಿ ಹಾಗೆಯೇ ಹೇಳಿದೆ. ಸೋಮಾವತಿಯ ಮುಖ ಬಿಳಿಚಿಕೊಂಡಿತು. ಅಮ್ಮನ ಮಡಿಲಿನಿಂದ ಮಗುವನ್ನು ಕಿತ್ತುಕೊಂಡು, ಗಂಟನ್ನೂ ಮರೆತು ಹೊರಗೆ ಓಡಿದಳು. ಒಂದು ಹೊತ್ತಿನ ಅನ್ನಕ್ಕೆ ಮಗುವನ್ನು ಕೇಳುತ್ತಾರೆ ಎಂದು ಅವಳಿಗೆ ಅನಿಸಿದ್ದು ತಪ್ಪೇ? ಬೆಳಗಿನಿಂದ ಅವಳು ಕಂಡದ್ದು ಅಂಥ ಊರನ್ನೇ.

ನಂತೂರು ಜಂಕ್ಷನ್ನಿನಲ್ಲಿ ಸಂಜೆಯ ಲಾರಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಅವಳು ಕಿರುಚುತ್ತಿದ್ದ ಮಗುವನ್ನು ಸೊಂಟಕ್ಕೆ ಒತ್ತಿಕೊಂಡು, ಬಂದ ಬಂದ ಲಾರಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಎಲ್ಲಿಗೆ ಹೋಗುವ ಲಾರಿ ಎಂದೂ ನೋಡುತ್ತಿರಲಿಲ್ಲ. ಒಂದು ಲಾರಿ ಸೆರಗಿಗೆ ತಾಗುವಷ್ಟು ಹತ್ತಿರದಿಂದ ಹೋಯಿತು. ನಾನು ಹತ್ತಿರ ಹೋದರೆ ಕಲ್ಲು ಎತ್ತಿದಳು.

ಅಮ್ಮ ಬರಿಗಾಲಲ್ಲೇ ಏದುಸಿರು ಬಿಡುತ್ತ ಬಂದಳು. ಮೊದಲು ನನಗೆ ಬೈದಳು.

"ಎಂತ ಹೇಳಿದ್ದು ನೀನು? ತಾಯಿಯನ್ನು ಬಿಟ್ಟು ಮಗು ನಮ್ಮ ಕುಟುಂಬಕ್ಕೆ ಬರೂದು ಹೇಗೆ, ಅಷ್ಟೂ ಗೊತ್ತಿಲ್ವಾ ನಿನಗೆ? ಇವಳು ನನ್ನ ಮಗಳಾದ್ರೆ ಮಾತ್ರ ಅದು ನನ್ನ ಮೊಮ್ಮಗಳು. ಹೇಳು ಅವಳಿಗೆ, ಮನೆ ಅವಳದ್ದು. ನೀವಿಬ್ಬರು ಅವಳ ಮನೆಯಲ್ಲಿ ಇರೂದು ಇನ್ನು."

ಹೇಳಿದೆ. ಅವಳು ನಂಬಲಿಲ್ಲ. ಏನು ಕೆಲಸ ಮಾಡಬೇಕು ಎಂದು ಕೇಳಿದಳು. ಕೆಲಸಕ್ಕಲ್ಲ ಎಂದೆ. ಇನ್ನೊಮ್ಮೆ ಹೇಳು ಎಂದಳು, ಹೇಳಿದೆ. ಆಗ ಅವಳ ಕೈಯ ಕಲ್ಲು ಬಿತ್ತು. ಗಂಡನನ್ನು ಸುಟ್ಟ ದಿನವೂ ಮಗಳು ಹೆದರಬಾರದೆಂದು ತಾನು ಅಳಲಿಲ್ಲ ಎಂದು ಆಮೇಲೊಮ್ಮೆ ಹೇಳಿದ್ದಳು. ರಸ್ತೆಯ ಬದಿಯ ಮಣ್ಣಿನಲ್ಲಿ ಕುಸಿದು, ಸುಂದರನ ಹೆಸರು ಹಿಡಿದು ಗೋಳೋ ಎಂದು ಅತ್ತಳು. ಅಮ್ಮ ಅವಳನ್ನು ಎಬ್ಬಿಸಲು ಹೋಗಲಿಲ್ಲ. ತಾನೂ ಪಕ್ಕದಲ್ಲಿ ಕೂತಳು.